ಕೇಡನ್ನು ಹೊರಗೆ ಹಾಕಿದ ಕಾವಲುದೈವ

ಮಕ್ಕಳು ನೋಡುವ ಚಿತ್ರಕಥೆಯೊಂದನ್ನು ಧರ್ಮಚಿಂತನೆಯ ಪತ್ರಿಕೆಯಲ್ಲಿ ವಿಮರ್ಶೆಗೆ ಎತ್ತಿಕೊಳ್ಳುವುದು ಉಚಿತವೇ ಎಂದು ಕೆಲವು ಹಿರಿಯರು ಕೇಳಬಹುದು. ಪುರಾಣಗಳನ್ನೂ ನಾವು ಮೊದಲು ಕೇಳಿದ್ದು ಅಜ್ಜಿಯ ಮಡಿಲಲ್ಲಿ ಕಥೆಯಾಗಿಯೇ. ಆ ಮಡಿಲಿನ ಸ್ಥಾನವನ್ನು ಇಂದು ಪರದೆ ಆಕ್ರಮಿಸಿರುವಾಗ, ಅಲ್ಲಿ ಒಳಿತು ಕೆಡುಕುಗಳ ವಿಷಯವಾಗಿ ಏನನ್ನು ಬೋಧಿಸಲಾಗುತ್ತಿದೆ ಎಂದು ತಿಳಿದುಕೊಳ್ಳುವುದು ಹಿರಿಯರ ಕರ್ತವ್ಯವೇ ಆಗಿದೆ.

ಈ ಲೇಖನಕ್ಕೆ ಪ್ರೇರಣೆ ಒಂದು ಪುಟ್ಟ ಪ್ರಶ್ನೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಗೆ ಮೊಮ್ಮಗನನ್ನು ಕರೆದುಕೊಂಡು ದರ್ಶನಕ್ಕೆ ಹೋಗಿದ್ದೆ. ಗಂಗರ ಕಾಲದ ಪಂಚಕೂಟ ಬಸದಿಯ ಮುಂದೆ ಎತ್ತರದ ಕಂಬವಿದೆ. ಊರಿಗೆ ಹೆಸರು ಬಂದದ್ದೇ ಅದರಿಂದ. ಅದರ ನೆತ್ತಿಯ ಮೇಲೆ ಕುಳಿತ ಬ್ರಹ್ಮದೇವರನ್ನು ತೋರಿಸಿ, ಇವರು ಬಸದಿಯನ್ನು ಕಾಯುವ ಯಕ್ಷರು ಎಂದೆ. ಹುಡುಗ ಸ್ವಲ್ಪ ಹೊತ್ತು ಮೇಲೆ ನೋಡಿ, “ತಾತ, ಇವರು ಕಾಮಿಯ ಹಾಗೆಯೇ ಅಲ್ಲವೇ? ಹಾಗಾದರೆ ಇವರ ಕೆಟ್ಟ ಜೋಡಿ ಎಲ್ಲಿದೆ?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಅವನ ಪಕ್ಕದಲ್ಲಿ ಕುಳಿತು ಆ ಕಥೆಯನ್ನು ನೋಡಿದೆ.

ಅದು ‘ಡ್ರ್ಯಾಗನ್ ಬಾಲ್’ ಎಂಬ ಜಪಾನೀ ಕಥಾಮಾಲೆ. ಅಕಿರಾ ತೋರಿಯಾಮಾ ಎಂಬ ಚಿತ್ರಕಥೆಗಾರರು ೧೯೮೪ರಿಂದ ೧೯೯೫ರವರೆಗೆ ವಾರಪತ್ರಿಕೆಯೊಂದರಲ್ಲಿ ಇದನ್ನು ಧಾರಾವಾಹಿಯಾಗಿ ರಚಿಸಿದರು. ೧೯೮೬ರಿಂದ ಅದು ಅನಿಮೆ ರೂಪದಲ್ಲಿ ಲೋಕದ ತುಂಬ ಹರಡಿತು. ತೋರಿಯಾಮಾ ಅವರು ೨೦೨೪ರಲ್ಲಿ ನಿಧನರಾದರು. ಕಥೆಯಲ್ಲಿ ‘ಕಾಮಿ’ ಎಂಬುವನು ಭೂಮಿಯ ಕಾವಲುದೈವ; ಜಪಾನೀ ಭಾಷೆಯಲ್ಲಿ ಆ ಮಾತಿಗೆ ದೇವರೆಂದೇ ಅರ್ಥ. ಆ ಪದವಿಗೆ ಬರುವ ಮೊದಲು, ಅವನ ಎದೆಯಲ್ಲಿ ಕೇಡಿನ ಅಂಶವಿದೆಯೆಂದು ಹಿಂದಿನ ಕಾವಲುದೈವ ಅವನನ್ನು ಒಪ್ಪುವುದಿಲ್ಲ. ಆಗ ಅವನು ಕಠಿಣ ಸಾಧನೆಯಿಂದ ತನ್ನೊಳಗಿನ ಕೇಡನ್ನು ಹೊರಗೆ ತಳ್ಳಿಬಿಡುತ್ತಾನೆ. ಕಾಮಿಗೆ ಪದವಿ ದೊರೆಯುತ್ತದೆ. ತಳ್ಳಿದ ಕೇಡು ಮಾತ್ರ ಪಿಕೊಲೊ ಎಂಬ ರಾಕ್ಷಸರಾಜನ ರೂಪ ತಾಳಿ ಲೋಕವನ್ನು ಪೀಡಿಸುತ್ತದೆ. ಇಬ್ಬರ ಪ್ರಾಣವೂ ಒಂದೇ ಎಳೆಯಲ್ಲಿ ಕಟ್ಟಿದ್ದು. ಒಬ್ಬನು ಸತ್ತರೆ ಇನ್ನೊಬ್ಬನೂ ಸಾಯಬೇಕು. ಕಾಮಿ ಗೋಕು ಎಂಬ ಬಾಲಕನಿಗೆ ಗುರುವಾಗಿ ವಿದ್ಯೆ ಕಲಿಸುತ್ತಾನೆ. ಆದರೆ ಮರುಹುಟ್ಟು ಪಡೆದ ಪಿಕೊಲೊ ಅದೇ ಗೋಕುವಿನ ಎದುರು ಸೋತು ಬಿದ್ದಾಗ, ಶಿಷ್ಯನು ಅವನನ್ನು ಕೊಲ್ಲುವುದಿಲ್ಲ. ಕೊಂದರೆ ಗುರುವೂ ಸಾಯುತ್ತಾನೆ.

ಕಥೆಯ ಗುಣವನ್ನು ಮೊದಲು ಹೇಳಬೇಕು. ಹೊರಗೆ ಹಾಕಿದ ಕೇಡು ಕರಗಲಿಲ್ಲ, ಬೆಳೆಯಿತು ಎಂದು ಲೇಖಕರು ಧೈರ್ಯವಾಗಿ ಹೇಳಿದ್ದಾರೆ. ಕಾಮಿಯ ಶುದ್ಧಿಗೆ ಬೆಲೆ ತೆತ್ತವರು ಊರೂರುಗಳ ನಿರಪರಾಧಿಗಳು. ಇನ್ನೊಂದು ಗುಣವೆಂದರೆ, ಪಿಕೊಲೊ ಬದಲಾಗುವುದು ಯಾವ ದೈವಬಲದಿಂದಲೂ ಅಲ್ಲ. ಗೋಕುವಿನ ಮಗ ಗೋಹಾನನಿಗೆ ಒಂದು ವರ್ಷ ವಿದ್ಯೆ ಕಲಿಸುತ್ತ ಅವನ ಮನಸ್ಸು ಮೆತ್ತಗಾಗುತ್ತದೆ. ಕೊನೆಗೆ ಆ ಮಗುವಿಗೆ ಅಡ್ಡ ನಿಂತು ಪ್ರಾಣ ಬಿಡುತ್ತಾನೆ. ಅದೇ ಗಳಿಗೆಯಲ್ಲಿ ಕಾಮಿಯೂ ಇಲ್ಲವಾಗುತ್ತಾನೆ. ಕೇಡೆಂದು ಎಸೆದದ್ದರಲ್ಲಿ ಕರುಣೆ ಮೊಳೆತ ಈ ಸಂದರ್ಭ ಇಡೀ ಮಾಲೆಯ ಹೃದಯಸ್ಥಾನ.

ದೋಷವಿರುವುದು ಕಥೆಯ ಬುಡದಲ್ಲಿ. ಕೇಡು ಜೀವದಿಂದ ಕಿತ್ತು ಬೇರೆ ಮಾಡಿ ನಿಲ್ಲಿಸಬಹುದಾದ ಇನ್ನೊಬ್ಬ ವ್ಯಕ್ತಿ ಎಂಬ ಕಲ್ಪನೆಯನ್ನು ನಮ್ಮ ಸಿದ್ಧಾಂತ ಒಪ್ಪುವುದಿಲ್ಲ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳು ಕರ್ಮದ ಉದಯದಿಂದ ಜೀವದಲ್ಲಿಯೇ ಉಂಟಾಗುವ ವಿಕಾರಗಳು. ಅವುಗಳಿಗೆ ಎರಡು ಗತಿಯನ್ನು ಶಾಸ್ತ್ರಕಾರರು ಹೇಳಿದ್ದಾರೆ: ಉಪಶಮ ಮತ್ತು ಕ್ಷಯ. ಪೂಜ್ಯಪಾದಾಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ ಕೊಟ್ಟ ದೃಷ್ಟಾಂತ ಪ್ರಸಿದ್ಧವಾದುದು. ರಾಡಿಯ ನೀರಿಗೆ ಚಿಲ್ಲದ ಬೀಜವನ್ನು ಬೆರೆಸಿದಾಗ ಕೆಸರು ತಳಕ್ಕೆ ಇಳಿಯುವುದು ಉಪಶಮ. ಆ ತಿಳಿನೀರನ್ನು ಬೇರೆ ಶುಚಿಯಾದ ಪಾತ್ರೆಗೆ ಬಸಿದಾಗ ಕೆಸರಿನ ಸಂಬಂಧವೇ ತಪ್ಪುವುದು ಕ್ಷಯ. ಉಪಶಮದ ಹಾದಿಯಲ್ಲಿ ಹನ್ನೊಂದನೆಯ ಗುಣಸ್ಥಾನಕ್ಕೆ ಏರಿದವನೂ ತಳದ ಕೆಸರು ಕದಡಿದೊಡನೆ ಕೆಳಗೆ ಬೀಳುತ್ತಾನೆ. ಕ್ಷಯ ಮಾಡಿ ಹನ್ನೆರಡನೆಯದನ್ನು ಮುಟ್ಟಿದವನಿಗೆ ಪತನವಿಲ್ಲ.

ಕಾಮಿ ಮಾಡಿದ್ದು ಇವೆರಡರಲ್ಲಿ ಯಾವುದೂ ಅಲ್ಲ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಬೇಸಾಯ ಮಾಡುವ ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯವರಿಗೆ ಇದು ಬೇಗ ತಿಳಿದೀತು. ತನ್ನ ಕಾಲುವೆಯ ಹೂಳನ್ನೆತ್ತಿ ನೆರೆಯವನ ಬದುವಿನ ಮೇಲೆ ಸುರಿದವನ ಗದ್ದೆಗೆ ನೀರೇನೋ ಸಲೀಸಾಗಿ ಹರಿಯುತ್ತದೆ. ಮಳೆ ಬಂದಾಗ ಆ ಹೂಳು ನೆರೆಯವನ ಪೈರನ್ನು ಮುಚ್ಚಿ, ತಗ್ಗು ಹುಡುಕಿಕೊಂಡು ಮತ್ತೆ ಅದೇ ಕಾಲುವೆಗೆ ಇಳಿಯುತ್ತದೆ.

ಇದರ ಪಕ್ಕದಲ್ಲಿ ನಮ್ಮ ಪುರಾಣದ ಜೋಡಿಯನ್ನು ಇಟ್ಟು ನೋಡೋಣ. ಗುಣಭದ್ರಾಚಾರ್ಯರ ‘ಉತ್ತರಪುರಾಣ’ದಲ್ಲಿಯೂ ಕನ್ನಡದಲ್ಲಿ ಪಾರ್ಶ್ವಪಂಡಿತನ ‘ಪಾರ್ಶ್ವನಾಥ ಪುರಾಣ’ದಲ್ಲಿಯೂ ಬರುವ ಕಮಠ, ಮರುಭೂತಿಗಳು ಒಡಹುಟ್ಟಿದವರು. ಅಪರಾಧ ಮಾಡಿದವನು ಅಣ್ಣ ಕಮಠ. ಕ್ಷಮೆ ಬೇಡಲು ಹೋದವನು ತಮ್ಮ ಮರುಭೂತಿ. ಅಣ್ಣನು ತಲೆಯ ಮೇಲೆ ಕಲ್ಲು ಹಾಕಿ ತಮ್ಮನನ್ನು ಕೊಂದ. ಮುಂದೆ ಒಬ್ಬನು ಆನೆಯಾದರೆ ಇನ್ನೊಬ್ಬನು ಕುಕ್ಕುಟಸರ್ಪ. ಒಬ್ಬನು ಮುನಿಯಾದರೆ ಇನ್ನೊಬ್ಬನು ಬೇಡ ಅಥವಾ ಸಿಂಹ. ಹೀಗೆ ಭವಭವಗಳಲ್ಲಿ ಕೊಲೆ ಮುಂದುವರಿಯಿತು. ಕೊನೆಗೆ ಶಂಬರನೆಂಬ ದೇವನಾಗಿ, ಧ್ಯಾನಸ್ಥರಾದ ಪಾರ್ಶ್ವನಾಥರ ಮೇಲೆ ಏಳು ದಿನ ಉಪಸರ್ಗ ಮಾಡಿದ. ಧರಣೇಂದ್ರ, ಪದ್ಮಾವತಿಯರು ಬಂದು ರಕ್ಷಣೆಗೆ ನಿಂತರು. ಬಾದಾಮಿಯ ಮತ್ತು ಐಹೊಳೆಯ ಜೈನ ಗುಹೆಗಳ ಗೋಡೆಯಲ್ಲಿ ಈ ಪ್ರಸಂಗವನ್ನು ನಮ್ಮ ಶಿಲ್ಪಿಗಳು ಕೊರೆದಿದ್ದಾರೆ.

ಇಲ್ಲಿಯೂ ಕಟ್ಟು ಇದೆ. ಆದರೆ ಕಟ್ಟಿದ್ದು ವೈರ, ಹಂಚಿಕೊಂಡ ಪ್ರಾಣವಲ್ಲ. ಎರಡೂ ಜೀವಗಳು ಸ್ವತಂತ್ರ. ಒಬ್ಬನ ಪಾಪಕ್ಕೆ ಇನ್ನೊಬ್ಬನು ಸಾಯಬೇಕಾಗಿಲ್ಲ, ಒಬ್ಬನ ಪುಣ್ಯದಿಂದ ಇನ್ನೊಬ್ಬನು ಪಾರಾಗುವುದೂ ಇಲ್ಲ. ಮರುಭೂತಿಯ ಜೀವ ತನ್ನ ಕಡೆಯ ಗಂಟನ್ನು ಭವಭವದಲ್ಲಿ ಸಡಿಲಿಸುತ್ತ ಬಂದು ಕೊನೆಗೆ ಬಿಚ್ಚಿತು. ರಕ್ಷಿಸಿದ ಧರಣೇಂದ್ರನ ಮೇಲೆ ರಾಗವಿಲ್ಲ, ಪೀಡಿಸಿದ ಶಂಬರನ ಮೇಲೆ ದ್ವೇಷವಿಲ್ಲ. ಅಂಥ ಸಮಭಾವದಲ್ಲಿ ಕೇವಲಜ್ಞಾನ ಉದಯಿಸಿತು. ಅದನ್ನು ಕಂಡ ಶಂಬರನೂ ವೈರ ತೊರೆದು ಸಮ್ಯಕ್ತ್ವವನ್ನು ಪಡೆದನು. ಜಪಾನೀ ಕಥೆಯಲ್ಲಿ ಕಾಮಿ ಮತ್ತು ಪಿಕೊಲೊ ಮತ್ತೆ ಒಂದಾಗುವುದು ಹೊಸ ಶತ್ರುವನ್ನು ಹೊಡೆಯಲು ಬಲ ಬೇಕೆಂದು. ನಮ್ಮ ಕಥೆಯಲ್ಲಿ ವೈರ ಮುಗಿದಾಗ ಹೊಡೆಯಬೇಕಾದ ಶತ್ರುವೇ ಉಳಿಯುವುದಿಲ್ಲ.

ಕಾವಲುದೈವದ ಸ್ಥಾನವನ್ನೂ ಇಲ್ಲಿ ಗಮನಿಸಬೇಕು. ಕಾಮಿಗೆ ಕಾವಲಿನ ಪದವಿಯೇ ಪರಮಗುರಿ. ಅದಕ್ಕಾಗಿ ಅವನು ತನ್ನ ಅರ್ಧವನ್ನು ಎಸೆದ. ಕಂಬದಹಳ್ಳಿಯ ಯಕ್ಷರು ಬಸದಿಯ ಹೊರಗೆ, ಕಂಬದ ಮೇಲಿದ್ದಾರೆ. ಗರ್ಭಗೃಹದಲ್ಲಿ ವೀತರಾಗ ಜಿನರಿದ್ದಾರೆ. ಕಾಯುವ ದೇವತೆಗಳೂ ನಮ್ಮಂತೆ ಸಂಸಾರಿಗಳು, ಕಷಾಯ ಉಳ್ಳವರು, ಗೌರವಕ್ಕೆ ಪಾತ್ರರಾದ ಸಾಧರ್ಮಿಗಳು.

ಇದನ್ನೆಲ್ಲ ಬರೆಯಲು ನನಗೆ ಸ್ವಂತ ಕಾರಣವೂ ಇದೆ. ನಮ್ಮ ಮನೆತನದಲ್ಲಿ ಬಸದಿಯ ಜಮೀನಿನ ಲೆಕ್ಕದ ವಿಷಯದಲ್ಲಿ ಒಡಕು ಬಂದು ಇಪ್ಪತ್ತು ವರ್ಷಗಳಾದವು. ತಪ್ಪು ಹಲವರಿಂದ ಆಗಿತ್ತು. ಎಲ್ಲರೂ ಸೇರಿ ಅದನ್ನು ಒಬ್ಬ ಸೋದರನ ತಲೆಗೆ ಕಟ್ಟಿ, ಅವನನ್ನು ಪಂಕ್ತಿಯಿಂದ ದೂರವಿಟ್ಟು, ನಾವು ಶುದ್ಧರಾದೆವೆಂದು ತಿಳಿದೆವು. ರಸೀದಿ ಪುಸ್ತಕವನ್ನು ಸರಿಯಾಗಿ ನೋಡದೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಮೊಮ್ಮಗನ ಚಿತ್ರಕಥೆಯನ್ನು ನೋಡುತ್ತಿದ್ದಾಗ, ಕಾಮಿಯ ಬಿಳಿಯ ನಿಲುವಂಗಿಯಲ್ಲಿ ನನಗೆ ನನ್ನದೇ ಮುಖ ಕಂಡಿತು. ಯಾವ ಊರಿನ ಆಡಳಿತ ಮಂಡಳಿಯಲ್ಲಾದರೂ ‘ಎಲ್ಲ ಕೇಡಿಗೂ ಅವನೊಬ್ಬನೇ ಮೂಲ’ ಎಂಬ ಮಾತು ಕೇಳಿಬಂದರೆ, ಅಲ್ಲಿ ಹೂಳನ್ನು ನೆರೆಯವನ ಬದುವಿಗೆ ಸುರಿಯುವ ಕೆಲಸ ನಡೆದಿದೆಯೆಂದೇ ತಿಳಿಯಬೇಕು.

ಆದುದರಿಂದ ಈ ಕಥೆಯನ್ನು ಮಕ್ಕಳಿಗೆ ನಿಷೇಧಿಸಬೇಕೆಂದು ನನ್ನ ಅಭಿಪ್ರಾಯವಲ್ಲ. ಹಿರಿಯರು ಜೊತೆಯಲ್ಲಿ ಕುಳಿತು ನೋಡಲಿ, ಮುಗಿದ ಮೇಲೆ ಕಮಠನ ಕಥೆಯನ್ನೂ ಹೇಳಲಿ. ಕೆಟ್ಟ ಜೋಡಿ ಎಲ್ಲಿದೆ ಎಂದು ಕೇಳಿದ ಹುಡುಗನಿಗೆ ನಾನು ತಡವಾಗಿ ಕೊಟ್ಟ ಉತ್ತರ ಇಷ್ಟೆ: “ಅದು ಹೊರಗೆ ಎಲ್ಲಿಯೂ ಇಲ್ಲ ಮಗು, ತಾತನ ಒಳಗೇ ಇದೆ. ಅದನ್ನು ತೊಳೆಯಲು ಮೊದಲು ನಿನ್ನ ಚಿಕ್ಕತಾತನ ಮನೆಗೆ ಹೋಗಬೇಕು.” ಬರುವ ಕ್ಷಮಾವಣಿಯ ದಿನ ಅವನನ್ನು ಕರೆದುಕೊಂಡು ಆ ಬಾಗಿಲಿಗೆ ಹೋಗುವೆನೆಂದು ನಿಶ್ಚಯಿಸಿದ್ದೇನೆ. ಬಾಗಿಲು ತೆರೆಯುವುದೂ ಬಿಡುವುದೂ ಅವರಿಗೆ ಸೇರಿದ್ದು. ಹೋಗಿ ನಿಲ್ಲುವುದು ನನಗೆ ಸೇರಿದ್ದು.