ಆಟ ಕಟ್ಟಲು ಹೋದವನ ಆಫೀಸು

ಸ್ಟೀವರ್ಟ್ ಬಟರ್‌ಫೀಲ್ಡ್ ಅನ್ನೋ ಹೆಸರು ನಿಮಗೆ ಗೊತ್ತಿಲ್ಲದೇ ಇರಬಹುದು. ಆದರೆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕಾಲು ಚಾಚೋ ಹೊತ್ತಿಗೆ ಫೋನಿಂದ ಯಾರೋ ಬಾಗಿಲು ಕುಟ್ಟಿದ ಹಾಗೆ ಬರುತ್ತಲ್ಲ, ಆ ಸದ್ದು ಗೊತ್ತಿರುತ್ತೆ. ಅದು ಸ್ಲ್ಯಾಕ್‌ನ ಸದ್ದು, ಈತನ ಕಂಪನಿಯದು. ಬೆಂಗಳೂರಿನ ಎಷ್ಟೋ ಆಫೀಸುಗಳು ಅದರೊಳಗೇ ನಡೀತವೆ. ಈ ಮನುಷ್ಯ ಆಫೀಸಿಗೆ ಅಂತ ಸಾಫ್ಟ್‌ವೇರ್ ಮಾಡಲು ಹೊರಟವನೇ ಅಲ್ಲ. ಹತ್ತು ವರ್ಷಗಳ ಅವಧಿಯಲ್ಲಿ ಎರಡು ಸಲ ಆತ ಕಟ್ಟಲು ಹೊರಟಿದ್ದು ಸಾವಿರಾರು ಜನ ಒಟ್ಟಿಗೆ ಆಡುವ ಆನ್‌ಲೈನ್ ಆಟ.

ಸ್ಟಾರ್ಟಪ್ ಮಂದಿಯ ಬಾಯಲ್ಲಿ ಈ ಕಥೆಗೆ ಎರಡು ನಿಮಿಷದ ಆವೃತ್ತಿಯೊಂದಿದೆ. 2002ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಲೂಡಿಕಾರ್ಪ್ ಅಂತ ಕಂಪನಿ ಶುರುಮಾಡಿದ, 'ಗೇಮ್ ನೆವರೆಂಡಿಂಗ್' ಅನ್ನೋ ಆಟ ಮಾಡಿದ, ದುಡ್ಡು ಹುಟ್ಟಲಿಲ್ಲ. ಅದರ ತುಂಡುಗಳಿಂದ 2004ರಲ್ಲಿ ಫ್ಲಿಕರ್ ಹುಟ್ಟಿತು, ಮರುವರ್ಷ ಯಾಹೂ ಕೊಂಡುಕೊಂಡಿತು. ಮತ್ತೆ 2009ರಲ್ಲಿ ಟೈನಿ ಸ್ಪೆಕ್ ಅಂತ ಕಂಪನಿ, 'ಗ್ಲಿಚ್' ಅಂತ ಆಟ, ಮತ್ತೆ ಸೋಲು. ಅದರ ತುಂಡಿನಿಂದ ಸ್ಲ್ಯಾಕ್. 2020ರ ಕೊನೆಗೆ ಸೇಲ್ಸ್‌ಫೋರ್ಸ್ ಅದಕ್ಕೆ ಕಟ್ಟಿದ ಬೆಲೆ 2,770 ಕೋಟಿ ಡಾಲರ್. ನೋಡಿ, ಇದೇ ಪಿವಟ್ ಅಂದ್ರೆ! ಚಪ್ಪಾಳೆ.

ಗೆದ್ದೆತ್ತಿನ ಬಾಲ ಹಿಡಿಯೋರು ಎಲ್ಲ ಕಾಲದಲ್ಲೂ ಇರ್ತಾರೆ, ಬಿಡಿ. ನನ್ನ ತಕರಾರು ಬೇರೆ. ಈ ಕಥೆಯಲ್ಲಿ ಆಟಗಳು ಬರೋದು ಪಾರ್ಸೆಲ್ ಸುತ್ತಿ ಬಂದ ರಟ್ಟಿನ ಡಬ್ಬದ ಥರ. ಒಳಗಿನ ಸಾಮಾನು ತಗೊಂಡು ಡಬ್ಬ ಎಸೆದರಾಯ್ತು. ಆ ಆಟ ಹೇಗಿತ್ತು, ಚೆನ್ನಾಗಿತ್ತಾ ಅಂತ ಒಬ್ಬರೂ ಕೇಳೋದಿಲ್ಲ. ಸಿನಿಮಾ ನಿರ್ದೇಶಕನ ಬಗ್ಗೆ ಬರೆಯುವಾಗ ಆತನ ಸಿನಿಮಾ ಬಿಟ್ಟು ಬರೀ ಚಿತ್ರಮಂದಿರದ ಬಾಡಿಗೆ ಲೆಕ್ಕ ಬರೆದ ಹಾಗಾಯ್ತು ಇದು.

ಹಾಗಾಗಿ ಗ್ಲಿಚ್ ಬಗ್ಗೆ ಸ್ವಲ್ಪ ಹೇಳ್ತೀನಿ. ಹನ್ನೊಂದು ದೈತ್ಯರು ಇದ್ದಾರೆ. ಅವರ ಕಲ್ಪನೆಯೊಳಗೆ 'ಉರ್' ಅನ್ನೋ ಲೋಕ ಇದೆ. ನೀವು ಆ ಲೋಕದಲ್ಲಿ ಓಡಾಡುವ ಪುಟ್ಟ ಜೀವಿ. ಬ್ರೌಸರಿನಲ್ಲೇ ಆಡಬಹುದಾದ, ಎಡದಿಂದ ಬಲಕ್ಕೆ ಹರಿಯುವ ಚಿತ್ರಪಟದಂಥ ಬೀದಿಗಳು. ಮರಕ್ಕೆ ನೀರು ಹಾಕಬೇಕು, ಮೈದಡವಬೇಕು, ಆಮೇಲೆ ಫಲ ಕೀಳಬೇಕು. ಹಂದಿಯನ್ನ ಮೊದಲು ಮುದ್ದು ಮಾಡಿ, ಆಮೇಲೆ ಒಂಚೂರೇ ಕಚ್ಚಿದರೆ ಮಾಂಸ ಸಿಗುತ್ತೆ. ಹಂದಿ ಸಾಯೋದಿಲ್ಲ. ಕೋಳಿಯನ್ನ ಹಿಂಡಿದರೆ ಕಾಳು. ಚಿಟ್ಟೆಗೆ ಮಸಾಜ್ ಮಾಡಿದರೆ ಹಾಲು ಕೊಡುತ್ತೆ. ಇಂಗ್ಲಿಷಿನ ಬಟರ್‌ಫ್ಲೈ ಪದದಲ್ಲಿ ಬೆಣ್ಣೆ ಇದೆಯಲ್ಲ, ಆ ತಮಾಷೆ. 'ಕಟಮಾರಿ ಡಮಾಸಿ' ಅನ್ನೋ ಹುಚ್ಚು ಚೆಂದದ ಜಪಾನೀ ಆಟ ಮಾಡಿದ ಕೇಯ್ಟಾ ತಕಾಹಾಶಿ ಕೂಡ ಈ ತಂಡ ಸೇರಿಕೊಂಡಿದ್ದರು. ಕತ್ತಿ ಹಿಡಿದು ಸಾವಿರಾರು ರಾಕ್ಷಸರನ್ನ ಕೊಂದು ಲೆವೆಲ್ ಏರುವ ಆಟಗಳೇ ಆಳುತ್ತಿದ್ದ ಕಾಲದಲ್ಲಿ ಇದು ಬಂತು ಅನ್ನೋದು ನೆನಪಿರಲಿ.

ನಮ್ಮಲ್ಲಿ ಚೌಕಾಬಾರಕ್ಕೆ ಗೆಲ್ಲೋರು ಸೋಲೋರು ಇದ್ದಾರೆ. ಮಕ್ಕಳು ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬಿ ಆಡೋ ಅಡುಗೆ ಆಟಕ್ಕೆ ಯಾರೂ ಇಲ್ಲ. ಯಾವಾಗ ಬೇಕಾದರೂ ಬರಬಹುದು, ಅಮ್ಮ ಕೂಗಿದರೆ ಎದ್ದು ಹೋಗಬಹುದು. ಗ್ಲಿಚ್ ಈ ಎರಡನೇ ಜಾತಿಯದು. ಅದರ ಸೊಗಸೂ ಅದೇ, ಅದನ್ನ ಕೊಂದಿದ್ದೂ ಅದೇ. ಹೊಸದಾಗಿ ಒಳಗೆ ಬಂದವನಿಗೆ 'ಸರಿ, ಈಗ ನಾನೇನು ಮಾಡ್ಬೇಕು?' ಅನ್ನೋ ಪ್ರಶ್ನೆಗೆ ಉತ್ತರ ಬೇಗ ಸಿಗುತ್ತಿರಲಿಲ್ಲ. ಮನೆಯಾಟಕ್ಕೆ ಮೊದಲೇ ಕೂತಿರುವ ಗೆಳೆಯರು ಬೇಕು. ಒಬ್ಬನೇ ಬಂದವನಿಗೆ ಅಲ್ಲಿ ಕಾಣೋದು ಬರೀ ಮಣ್ಣು ಮತ್ತು ಚಿಪ್ಪು. ಇದು ವಿನ್ಯಾಸದ ದೋಷವೇ, ಪ್ರೀತಿ ಇದೆ ಅಂತ ಮುಚ್ಚಿಡಬೇಕಾಗಿಲ್ಲ. 2011ರ ಸೆಪ್ಟೆಂಬರ್ 27ಕ್ಕೆ ಬಿಡುಗಡೆ ಮಾಡಿ, ನವೆಂಬರ್ 30ಕ್ಕೇ ವಾಪಸ್ ಬೀಟಾಗೆ ತಗೊಂಡು ಹೋದರು. ಬಿಡುಗಡೆಯನ್ನೇ ಹಿಂದಕ್ಕೆ ಪಡೆಯೋದು! ಅಷ್ಟು ಧೈರ್ಯ ಎಷ್ಟು ಜನರಿಗಿರುತ್ತೋ. ಅದಕ್ಕೆ ಜೊತೆಯಾಗಿ ಇನ್ನೊಂದು ಗ್ರಹಚಾರ: ಇಡೀ ಆಟ ನಿಂತಿದ್ದು ಫ್ಲ್ಯಾಶ್ ಮೇಲೆ. ಐಫೋನ್ ಅದನ್ನು ಬಾಗಿಲೊಳಗೇ ಬಿಟ್ಟಿರಲಿಲ್ಲ. ಜನ ಫೋನಿಗೆ ಹೊರಟುಹೋಗ್ತಿದ್ದಾಗ ಇವರ ಲೋಕ ಡೆಸ್ಕ್‌ಟಾಪಿನಲ್ಲೇ ಉಳಿಯಿತು.

2012ರ ನವೆಂಬರಿನಲ್ಲಿ ಮುಚ್ಚುವ ಸುದ್ದಿ ಬಂತು. ಇಲ್ಲಿ ಎರಡು ನಿಮಿಷದ ಆವೃತ್ತಿ ಏಕ್‌ದಂ ಜಿಗಿದುಬಿಡುತ್ತೆ. ಮುಚ್ಚೋದು ಅಂದ್ರೆ ಬಹುಪಾಲು ತಂಡ ಕೆಲಸ ಕಳಕೊಂಡಿತು ಅಂತ. ಚಿತ್ರ ಬರೆದವರು, ಸಂಗೀತ ಮಾಡಿದವರು, ಆಟಗಾರರ ದೂರು ಕೇಳುತ್ತಿದ್ದವರು. ಉಳಿದುಕೊಂಡಿದ್ದು ಬೆರಳೆಣಿಕೆಯಷ್ಟು ಮಂದಿ. ಬಟರ್‌ಫೀಲ್ಡ್ ಆ ದಿನ ತಂಡದ ಮುಂದೆ ಅತ್ತಿದ್ದನ್ನ ತಾನೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾನೆ. ಆತನ ಪರವಾಗಿ ಹೇಳಲೇಬೇಕಾದ್ದೂ ಇದೆ: ಆಟಗಾರರಿಗೆ ಅವರು ಕೊಟ್ಟ ದುಡ್ಡು ವಾಪಸ್ ಕೊಡುವ ವ್ಯವಸ್ಥೆ ಮಾಡಿದರು, ಕೆಲಸ ಹೋದವರಿಗೆ ಬೇರೆ ಕೆಲಸ ಹುಡುಕಿಕೊಡಲು ಒಂದು ಪುಟವನ್ನೇ ತೆರೆದರು. ಎಂಟು ನಿಮಿಷದ ಜೂಮ್ ಕಾಲ್‌ನಲ್ಲಿ ಲ್ಯಾಪ್‌ಟಾಪ್ ಲಾಕ್ ಆಗೋದನ್ನ ಕಂಡ ನಮ್ಮ ತಲೆಮಾರಿಗೆ ಇದು ಸಣ್ಣ ವಿಷಯ ಅನ್ನಿಸೋದಿಲ್ಲ.

ಆದರೂ ಪಿವಟ್ ಅನ್ನೋ ಪದ ನನಗೆ ಚುಚ್ಚುತ್ತೆ. ಪಿವಟ್ ಅಂದರೆ ಒಂದು ಕಾಲು ಊರಿ ಇನ್ನೊಂದು ಕಡೆ ತಿರುಗೋದು. ತಿರುಗಿದವರು ಯಾರು, ನೆಲಕ್ಕೆ ಬಿದ್ದವರು ಯಾರು ಅನ್ನೋದನ್ನ ಆ ಪದ ಹೇಳೋದಿಲ್ಲ. ಗ್ಲಿಚ್‌ನ ಮರ, ಹಂದಿ, ಬೀದಿಗಳನ್ನ ಬರೆದವರ ಕೈಕೆಲಸ ಸ್ಲ್ಯಾಕ್ ಒಳಗೆ ಹೋಗಲೇ ಇಲ್ಲ. ಹೋಗಿದ್ದು ಆ ತಂಡ ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲು ಮಾಡಿಕೊಂಡ ಸಲಕರಣೆ. ಒಬ್ಬರು ವ್ಯಾಂಕೂವರ್‌ನಲ್ಲಿ, ಇನ್ನೊಬ್ಬರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ; ಹಳೇ ಕಾಲದ ಐಆರ್‌ಸಿ ಚಾಟ್ ಬಳಸುತ್ತಿದ್ದರು. ಅದರಲ್ಲಿ ಹಿಂದಿನ ಮಾತು ಉಳಿಯೋದಿಲ್ಲ ಅಂತ ಉಳಿಸುವ ಏರ್ಪಾಡು, ಉಳಿದದ್ದನ್ನ ಹುಡುಕುವ ಏರ್ಪಾಡು, ಫೈಲ್ ಹಾಕುವ ಏರ್ಪಾಡು ಅಂತ ಒಂದೊಂದೇ ಸೇರಿಸುತ್ತ ಹೋದರು. ಗುಡಿ ಕಟ್ಟುವಾಗ ಹಾಕಿಕೊಂಡ ಸಾರುವೆ ಅದು. ಗುಡಿ ಬಿತ್ತು, ಸಾರುವೆ ಮಾರಾಟಕ್ಕೆ ಬಂತು. 2013ರ ಆಗಸ್ಟಿನಲ್ಲಿ ಜಗತ್ತಿಗೆ ತೋರಿಸಿದರು, 2014ರ ಫೆಬ್ರವರಿಯಲ್ಲಿ ಎಲ್ಲರಿಗೂ ಬಿಟ್ಟರು.

ಇಲ್ಲಿಂದ ಮುಂದೆ ನನಗೆ ಕುತೂಹಲ ಇರೋದು ದುಡ್ಡಿನ ಬಗ್ಗೆ ಅಲ್ಲ. ಸ್ಲ್ಯಾಕ್ ಗೆದ್ದಿದ್ದು ಯಾಕೆ? ಚಾಟ್ ಆಗಲೇ ಬೇಕಾದಷ್ಟಿದ್ದವು. ನನಗನ್ನಿಸೋದು, ಆಟ ಮಾಡೋರ ಕೈ ಅದರಲ್ಲಿ ಇತ್ತು. ತೆರೆದುಕೊಳ್ಳುವಾಗ ಬರುವ ತಮಾಷೆ ಸಾಲು, ನೀವೇ ಮಾಡಿ ಸೇರಿಸಬಹುದಾದ ಇಮೋಜಿ, ಸ್ಲ್ಯಾಕ್‌ಬಾಟ್‌ನ ತರ್ಲೆ ಉತ್ತರ. ಹೆಸರಿನ ಪಕ್ಕದ ಹಸಿರು ಚುಕ್ಕೆ ಇದೆಯಲ್ಲ, ಗೆಳೆಯ ಆಟಕ್ಕೆ ಬಂದಿದ್ದಾನಾ ಅಂತ ನೋಡಿಕೊಳ್ಳುವ ಚುಕ್ಕೆಯ ಅಣ್ಣತಮ್ಮ ಅದು. ಆಫೀಸಿನ ಸಾಫ್ಟ್‌ವೇರ್ ಅಂದ್ರೆ ಸರ್ಕಾರಿ ಫಾರ್ಮು ತುಂಬಿದ ಹಾಗೆ ಇದ್ದ ಕಾಲದಲ್ಲಿ ಇದು ಬೆಚ್ಚಗಿತ್ತು. ಬಟರ್‌ಫೀಲ್ಡ್ ತತ್ವಶಾಸ್ತ್ರದಲ್ಲಿ ಕೇಂಬ್ರಿಡ್ಜ್‌ನ ಸ್ನಾತಕೋತ್ತರ ಪದವೀಧರ. ಜನ ಒಂದೆಡೆ ಸೇರಿದಾಗ ಏನಾಗುತ್ತೆ ಅನ್ನೋದು ಆತನಿಗೆ ಕೋಡ್‌ಗಿಂತ ದೊಡ್ಡ ಕುತೂಹಲ ಅನ್ನೋದು ನಾಲ್ಕೂ ಕೆಲಸದಲ್ಲಿ ಕಾಣುತ್ತೆ.

ಆದರೆ ಆಟದಿಂದ ಆಫೀಸಿಗೆ ದಾಟುವಾಗ ಒಂದು ವಸ್ತು ಆಚೆ ದಡದಲ್ಲೇ ಉಳಿದುಬಿಟ್ಟಿತು. ಎದ್ದು ಹೋಗುವ ಹಕ್ಕು. ಗ್ಲಿಚ್‌ನಲ್ಲಿ ಹಂದಿಯನ್ನ ಅಲ್ಲೇ ಬಿಟ್ಟು ಬ್ರೌಸರ್ ಮುಚ್ಚಿದರೆ ಯಾರೂ ಕೇಳೋರಿಲ್ಲ. ಸ್ಲ್ಯಾಕ್‌ನಲ್ಲಿ ಹಸಿರು ಚುಕ್ಕೆ ಆರಿದರೆ ಮ್ಯಾನೇಜರಿಗೆ ಅದೊಂದು ಮಾಹಿತಿ. ಆಟದಲ್ಲಿ ಇರುವಿಕೆ ಅಂದರೆ ಸ್ನೇಹ, ಆಫೀಸಿನಲ್ಲಿ ಅದೇ ಹಾಜರಿ. ಇಮೋಜಿ ಹಾಕಿದ ತಕ್ಷಣ ಹಾಜರಿ ಪುಸ್ತಕ ಆಟ ಆಗೋದಿಲ್ಲ. ಬಟರ್‌ಫೀಲ್ಡ್ ಕೆಟ್ಟ ಉದ್ದೇಶದಿಂದ ಇದನ್ನ ಮಾಡಿದ ಅಂತ ನಾನು ಹೇಳ್ತಿಲ್ಲ. ಸ್ಲ್ಯಾಕ್‌ನಲ್ಲಿ ತೊಂದರೆ ಕೊಡಬೇಡಿ ಅನ್ನೋ ಗುಂಡಿಯೂ ಇದೆ. ಅದನ್ನ ಒತ್ತಿ ನಿದ್ದೆ ಮಾಡುವ ಧೈರ್ಯ ಅಪ್ರೈಸಲ್ ತಿಂಗಳಲ್ಲಿ ಎಷ್ಟು ಜನಕ್ಕಿದೆ, ನೀವೇ ಹೇಳಿ.

ಸೇಲ್ಸ್‌ಫೋರ್ಸ್ ಕೊಂಡ ಮೇಲೆ ಒಂದೂವರೆ ವರ್ಷದಲ್ಲಿ, 2023ರ ಜನವರಿಯಲ್ಲಿ ಆತ ಅಲ್ಲಿಂದ ಹೊರಟ. ವ್ಯಾಪಾರಿಯಾಗಿ ಆತನನ್ನ ಅಳೆಯೋರು ಫ್ಲಿಕರ್, ಸ್ಲ್ಯಾಕ್ ನೋಡಲಿ. ನನ್ನ ಮಟ್ಟಿಗೆ ಆತನ ಅತ್ಯುತ್ತಮ ಕೆಲಸ ಗ್ಲಿಚ್, ಅರೆಬೆಂದದ್ದೇ ಆದರೂ. ಸ್ಲ್ಯಾಕ್ ಇಲ್ಲದಿದ್ದರೆ ಇನ್ನೊಂದು ಬರುತ್ತಿತ್ತು, ಬಂದೂ ಇದೆ. ಹಂದಿಯನ್ನ ಮುದ್ದು ಮಾಡಿ ಕಚ್ಚುವ ಆಟ ಇನ್ನೊಬ್ಬರು ಮಾಡುತ್ತಿರಲಿಲ್ಲ.

2012ರ ಡಿಸೆಂಬರ್ 9ರಂದು ಸರ್ವರ್ ಆರಿತು. ಮುಂದಿನ ವರ್ಷ ಕಂಪನಿ ಇನ್ನೊಂದು ಕೆಲಸ ಮಾಡಿತು, ಇದನ್ನೂ ಯಾರೂ ವೇದಿಕೆ ಮೇಲೆ ಹೇಳೋದಿಲ್ಲ: ಗ್ಲಿಚ್‌ನ ಚಿತ್ರಗಳಲ್ಲಿ ಹೆಚ್ಚಿನವನ್ನ ಹಕ್ಕುಸ್ವಾಮ್ಯ ಬಿಟ್ಟುಕೊಟ್ಟು ಸಾರ್ವಜನಿಕರಿಗೇ ಕೊಟ್ಟುಬಿಟ್ಟಿತು. ಯಾರು ಬೇಕಾದರೂ ಯಾವುದಕ್ಕೆ ಬೇಕಾದರೂ ಬಳಸಿಕೊಳ್ಳಬಹುದು. ಹಳೇ ಆಟಗಾರರು ಆ ಮರ, ಆ ಕೋಳಿ, ಆ ಚಿಟ್ಟೆಗಳನ್ನ ಆರಿಸಿಕೊಂಡು ಉರ್ ಲೋಕವನ್ನ ಮತ್ತೆ ಕಟ್ಟಲು ಕೂತರು. ಒಂದು ಗುಂಪಿನ ಆಟದ ಹೆಸರು 'ಇಲೆವೆನ್', ಇನ್ನೊಂದರದ್ದು 'ಆಡ್ ಜೈಂಟ್ಸ್'. ಹನ್ನೊಂದು ದೈತ್ಯರ ನೆನಪಿಗೆ.