ಹಳೇಬೀಡಿನ ಜಿನಬಿಂಬಗಳು ಮತ್ತು ೧೩೧೧ರ ದಾಳಿ: ಒಂದು ವಿಮರ್ಶೆ

ಹಳೇಬೀಡಿನ ಬಸದಿಗಳಿಂದ ಕಾಣೆಯಾದ ಬಿಂಬಗಳ ಪ್ರಸ್ತಾಪ ಬಂದಾಗಲೆಲ್ಲ ೧೩೧೧ರ ಮಲಿಕ್ ಕಾಫರನ ದಾಳಿಯನ್ನು ಹೇಳಿ ಮುಂದೆ ಸಾಗುವುದು ನಮ್ಮ ಲೇಖಕರಲ್ಲಿ ರೂಢಿಯಾಗಿದೆ. ಇದು ಪ್ರಮಾಣಬದ್ಧವೇ ಎಂದು ಪರಿಶೀಲಿಸುವುದು ಅವಶ್ಯ. ದೋರಸಮುದ್ರವು ಮುತ್ತಿಗೆಗೊಳಗಾದುದೂ ಮುಮ್ಮಡಿ ಬಲ್ಲಾಳನು ಶರಣಾದುದೂ ನಿರ್ವಿವಾದ. ಆದರೆ ಆ ದಂಡಯಾತ್ರೆಯನ್ನು ವರ್ಣಿಸಿದ ಅಮೀರ್ ಖುಸ್ರು ಇಲ್ಲಿಂದ ಹೋದುವೆಂದು ಎಣಿಸುವುದು ಆನೆ, ಕುದುರೆ, ಭಂಡಾರಗಳನ್ನು.

ಬಸ್ತಿಹಳ್ಳಿಯ ವಿಜಯಪಾರ್ಶ್ವ ಬಸದಿಯನ್ನೇ ನೋಡೋಣ. ಗಂಗರಾಜನ ಮಗ ಬೊಪ್ಪದೇವನು ೧೧೩೩ರಲ್ಲಿ ತಂದೆಯ ನೆನಪಿಗಾಗಿ ಇದನ್ನು ಕಟ್ಟಿಸಿದನು. ಪ್ರತಿಷ್ಠೆಯ ಗಂಧೋದಕ ಶೇಷಾಕ್ಷತೆಗಳು ಬಂಕಾಪುರದಲ್ಲಿದ್ದ ವಿಷ್ಣುವರ್ಧನನಿಗೆ ತಲುಪಿದುವು. ಅದೇ ಸಮಯದಲ್ಲಿ ವಿಜಯವೂ ಪುತ್ರೋತ್ಸವವೂ ಒದಗಿದುದರಿಂದ ಅವನು ದೇವರಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟು ಜಾವಗಲ್ಲನ್ನು ದತ್ತಿ ಬಿಟ್ಟನೆಂದು ಶಾಸನ ತಿಳಿಸುತ್ತದೆ. ಸುಮಾರು ೧೪ ಅಡಿ ಎತ್ತರದ ಪಾರ್ಶ್ವಬಿಂಬವು ಇಂದಿಗೂ ಅಲ್ಲಿ ನಿಂತಿದೆ. ಇನ್ನು ೧೬೩೮ರ ಶಾಸನವೊಂದು, ಹುಚ್ಚಪ್ಪದೇವನು ಈ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿದುದನ್ನೂ ವಿಜಯಪ್ಪನು ಅದನ್ನು ಅಳಿಸಿದುದನ್ನೂ, ಹಿರಿಯರು ಸೇರಿ ವ್ಯಾಜ್ಯವನ್ನು ಮುಗಿಸಿದುದನ್ನೂ ದಾಖಲಿಸುತ್ತದೆ. ದಾಳಿಯಾಗಿ ೩೨೭ ವರ್ಷಗಳ ಮೇಲೂ ಬಸದಿಗೆ ತನ್ನವರೆನ್ನುವ ಶ್ರಾವಕರಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಯುದ್ಧದಲ್ಲಿ ಏನೂ ನಾಶವಾಗಲಿಲ್ಲವೆಂಬುದು ನಮ್ಮ ವಾದವಲ್ಲ. ಕಾಣೆಯಾದ ಪ್ರತಿಯೊಂದು ಬಿಂಬವನ್ನೂ ಪ್ರಮಾಣವಿಲ್ಲದೆ ಆ ಒಂದು ವರ್ಷದ ಲೆಕ್ಕಕ್ಕೆ ಬರೆಯುವುದು ಸಲ್ಲದು.

ಇದು ಕೇವಲ ಕಾಲನಿರ್ಣಯದ ಚರ್ಚೆಯಲ್ಲ. ಯುನೆಸ್ಕೋದ ೧೯೭೦ರ ಒಡಂಬಡಿಕೆ ಹಿಂದಿನ ಕಾಲಕ್ಕೆ ಅನ್ವಯಿಸದು. ಭಾರತದ ಪುರಾವಸ್ತು ಅಧಿನಿಯಮ ೧೯೭೨ರದು; ಜಾರಿಗೆ ಬಂದುದು ೧೯೭೬ರಲ್ಲಿ. ಬಿಂಬವು ಯಾವಾಗ ಸ್ಥಳ ಬಿಟ್ಟಿತೆಂಬುದರ ಮೇಲೆಯೇ ಮರಳಿ ಕೇಳುವ ಹಕ್ಕು ಬಹುಮಟ್ಟಿಗೆ ನಿಂತಿದೆ. ಮೊನ್ನೆ ಕದ್ದುಹೋದುದನ್ನು ನಾವೇ ೧೩೧೧ರಲ್ಲಿ ಹೋಯಿತೆಂದು ಅಚ್ಚುಹಾಕಿಸಿದರೆ, ಕೊಂಡವನು ನಮ್ಮ ಲೇಖನವನ್ನೇ ನಮ್ಮೆದುರು ಹಿಡಿದಾನು.

ಯುದ್ಧದಲ್ಲಿ ಮೂರ್ತಿಯನ್ನು ಒಯ್ದುದಕ್ಕೆ ನಿಸ್ಸಂದೇಹವಾದ ನಿದರ್ಶನ ಕನ್ನಡನಾಡಿನದೇ ಇದೆ. ಚೋಳ ರಾಜಾಧಿರಾಜನು ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣವನ್ನು ಸುಟ್ಟು ಒಯ್ದ ದ್ವಾರಪಾಲಕನ ಪೀಠದ ಮೇಲೆ, ಅದು ಅಲ್ಲಿಂದ ತಂದುದೆಂದು ತಮಿಳಿನಲ್ಲಿ ಕೆತ್ತಲಾಗಿದೆ. ದಾರಾಸುರದಲ್ಲಿದ್ದ ಆ ಮೂರ್ತಿ ಈಗ ತಂಜಾವೂರಿನ ವಸ್ತುಸಂಗ್ರಹಾಲಯದಲ್ಲಿದೆ. ಗೆದ್ದವನ ಬರಹವೇ ಮೂಲಸ್ಥಾನವನ್ನು ಉಳಿಸಿದ್ದು ವಿಚಿತ್ರ. ನಂದರಾಜನು ಒಯ್ದಿದ್ದ ಕಳಿಂಗಜಿನನನ್ನು ಖಾರವೇಲನು ಮರಳಿ ತಂದನೆಂದು ಹಾಥಿಗುಂಫಾ ಶಾಸನವನ್ನು ವಿದ್ವಾಂಸರು ಓದಿದ್ದಾರೆ. ಅಲ್ಲಿ ಕಥೆ ಉಳಿದಿದೆ, ಇದೇ ಆ ಬಿಂಬವೆಂದು ತೋರಿಸಲು ಲೇಖವುಳ್ಳ ಪೀಠವಿಲ್ಲ.

ಓಲೆಗ್ರಂಥದ ಅಂತ್ಯದ ಪ್ರಶಸ್ತಿಯನ್ನು ಓದದೆ ಯಾರು ಬರೆಯಿಸಿದರು, ಯಾರಿಗೆ ಶಾಸ್ತ್ರದಾನವಾಯಿತು ಎಂದು ನಮ್ಮ ಪಂಡಿತರು ಹೇಳುವುದಿಲ್ಲ. ಬಿಂಬದ ವಿಷಯದಲ್ಲಿ ಮಾತ್ರ ಪೀಠವನ್ನು ನೋಡದೆ ‘ಹೊಯ್ಸಳ ಶೈಲಿ, ಹಳೇಬೀಡು’ ಎಂದು ಬರೆದು ತೃಪ್ತರಾಗುತ್ತೇವೆ. ಬಸ್ತಿಹಳ್ಳಿಯ ಮೂರು ಬಸದಿಗಳ ಸುತ್ತ ಬಿದ್ದಿರುವ ತುಂಡುಗಳೂ ಸೇರಿದಂತೆ ಪ್ರತಿಯೊಂದರ ಅಳತೆ, ಲಾಂಛನ, ಪೀಠಲೇಖದ ಪಡಿಯಚ್ಚು, ನೋಡಿದ ದಿನಾಂಕ ಇವಿಷ್ಟೂ ಒಂದು ಸೂಚಿಯಲ್ಲಿ ಬರಬೇಕು. ತಲೆಯಿಲ್ಲದ ಬಿಂಬದ ಕುತ್ತಿಗೆಯ ಒಡಕು ಹಳೆಯದೋ ಹೊಸದೋ ಎಂಬುದನ್ನೂ ಅದರಲ್ಲಿ ನಮೂದಿಸತಕ್ಕದ್ದು.