ಮೋಲಾಕ್ ಮತ್ತು ಸೊನ್ನಲಿಗೆಯ ಕೆರೆ

ಅಲೆನ್ ಗಿನ್ಸ್‌ಬರ್ಗ್‌ನ ‘ಹೌಲ್ ಅಂಡ್ ಅದರ್ ಪೊಯಮ್ಸ್’ ಸಂಕಲನದ ಪ್ರಕಟಣೆಯ ದಿನಾಂಕ 1956ರ ನವೆಂಬರ್ 1. ಅದೇ ದಿನ ಭಾರತದಲ್ಲಿ ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದು ಕನ್ನಡ ಪ್ರದೇಶಗಳ ಬಹುಭಾಗ ಮೈಸೂರು ರಾಜ್ಯದಲ್ಲಿ ಒಂದುಗೂಡಿತು. ಸೊಲ್ಲಾಪುರ, ಅಕ್ಕಲಕೋಟೆಗಳು ಮುಂಬಯಿ ರಾಜ್ಯದಲ್ಲೇ ಉಳಿದವು. ಇದು ಶುದ್ಧ ಕಾಕತಾಳೀಯ; ಇದರಿಂದ ಯಾವ ಸಿದ್ಧಾಂತವನ್ನೂ ಹೊರಡಿಸಬೇಕಾಗಿಲ್ಲ. ಆದರೆ ಬೀಟ್ ಕಾವ್ಯವನ್ನು ಎಲ್ಲಿ ಕುಳಿತು ಓದಲಾಗುತ್ತದೆ ಎಂಬುದು ಅದರ ಅರ್ಥವನ್ನು ಬದಲಿಸುತ್ತದೆಯೇ ಎಂಬ ಪ್ರಶ್ನೆಗೆ ಇದೊಂದು ಒಳ್ಳೆಯ ಪ್ರವೇಶ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್ ಬಳಸುವ ಹನ್ನೂರದಂಥ ಊರಿನ ಓದುಗನ ಪಾಲಿಗೆ ‘ಅನುಸರಣೆ’ ಎಂಬ ಶಬ್ದಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದ ಅರ್ಥವೇ ಇರಲು ಸಾಧ್ಯವಿಲ್ಲ.

ಎರಡನೆಯ ಮಹಾಯುದ್ಧದ ನಂತರದ ಅಮೆರಿಕ ಗೆದ್ದ ದೇಶ. ದುಡಿಮೆ, ಕುಟುಂಬ, ಉಪನಗರದ ಮನೆ, ಕಮ್ಯುನಿಸ್ಟ್ ಭೀತಿ ಎಲ್ಲವೂ ಸೇರಿ ಅಲ್ಲಿ ಒಂದೇ ಅಚ್ಚಿನ ಬದುಕನ್ನು ನಾಗರಿಕತೆಯ ಲಕ್ಷಣವೆಂದು ಸಾರುತ್ತಿದ್ದವು. 1955ರ ಅಕ್ಟೋಬರ್ 7ರಂದು ಸಿಕ್ಸ್ ಗ್ಯಾಲರಿಯಲ್ಲಿ ಗಿನ್ಸ್‌ಬರ್ಗ್ ಓದಿದ ಕವಿತೆ ಆ ಅಚ್ಚಿನಿಂದ ಹೊರಬಿದ್ದವರ ಪಟ್ಟಿ. ಅವರನ್ನು ನುಂಗುವ ದೈತ್ಯನಿಗೆ ಕವಿ ಕೊಟ್ಟ ಹೆಸರು, ಮಕ್ಕಳ ಬಲಿ ಬೇಡುವ ಪ್ರಾಚೀನ ದೇವತೆ ಮೋಲಾಕ್‌ನದು. 1957ರಲ್ಲಿ ಸುಂಕದ ಅಧಿಕಾರಿಗಳು ಪುಸ್ತಕದ ಪ್ರತಿಗಳನ್ನು ತಡೆಹಿಡಿದರು. ಪ್ರಕಾಶಕ ಲಾರೆನ್ಸ್ ಫರ್ಲಿಂಗೆಟ್ಟಿಯ ಮೇಲೆ ಅಶ್ಲೀಲತೆಯ ಮೊಕದ್ದಮೆ ನಡೆಯಿತು. ಅಕ್ಟೋಬರ್‌ನಲ್ಲಿ ನ್ಯಾಯಾಧೀಶ ಕ್ಲೇಟನ್ ಹಾರ್ನ್ ಕೃತಿ ಅಶ್ಲೀಲವಲ್ಲವೆಂದು ತೀರ್ಪಿತ್ತರು. ಈ ಕಥೆ ಪಠ್ಯಪುಸ್ತಕಗಳಲ್ಲಿ ಸವೆದುಹೋಗಿದೆ. ಇಲ್ಲಿ ಗಮನಿಸಬೇಕಾದದ್ದು, ಬೀಟ್ ಕವಿ ಪ್ರತಿಭಟಿಸಿದ್ದು ತನ್ನದೇ ಭಾಷೆಯ, ತನ್ನದೇ ಬಹುಸಂಖ್ಯಾತರ ಸಮಾಜವನ್ನು ಎಂಬುದು. ಅವನ ಇಂಗ್ಲಿಷಿಗೆ ಯಾವ ಅಪಾಯವೂ ಇರಲಿಲ್ಲ.

ಗಿನ್ಸ್‌ಬರ್ಗ್ 1962ರಲ್ಲಿ ಭಾರತಕ್ಕೆ ಬಂದು ಮರುವರ್ಷದವರೆಗೆ ಇಲ್ಲಿದ್ದ. ಕಲ್ಕತ್ತೆಯ ಹಂಗ್ರಿ ಪೀಳಿಗೆಯ ಕವಿಗಳೊಡನೆ ಅವನ ಸಂಬಂಧ, 1964ರಲ್ಲಿ ಮಲಯ್ ರಾಯ್ ಚೌಧುರಿಯ ಬಂಧನ ಇವು ಪರಿಚಿತ ಸಂಗತಿಗಳು. ಮರಾಠಿಯಲ್ಲಿ ಕಿರುಪತ್ರಿಕೆಗಳ ಚಳವಳಿ ಆ ಹೊತ್ತಿಗಾಗಲೇ ಚಿಗುರಿತ್ತು. ದಿಲೀಪ ಚಿತ್ರೆ, ಅರುಣ ಕೊಲಟಕರ್ ಅವರ ಸಾಲು ಮುಂದೆ ನಾಮದೇವ ಢಸಾಳರ ‘ಗೋಲಪಿಠಾ’ದಲ್ಲಿ (1972) ಸ್ಫೋಟಗೊಂಡಿತು. ಕನ್ನಡದ ನವ್ಯವಾದರೋ ಎಲಿಯಟ್, ಆಡೆನ್‌ರ ಕಡೆಗೆ ವಾಲಿತ್ತು. ಅಡಿಗರ ‘ಭೂಮಿಗೀತ’ (1959) ಸ್ವಾತಂತ್ರ್ಯೋತ್ತರ ಆಶಾವಾದವನ್ನು ಪ್ರಶ್ನಿಸಿತಾದರೂ ಅದರ ವ್ಯಗ್ರತೆ ಶಿಸ್ತಿನ ಶಿಲ್ಪವನ್ನು ಬಿಟ್ಟುಕೊಡಲಿಲ್ಲ. ‘ಅಕ್ಷರ ಹೊಸ ಕಾವ್ಯ’ವನ್ನು ಸಂಪಾದಿಸಿದ ಲಂಕೇಶರಲ್ಲಿ ಬೀಟ್ ಮನೋಧರ್ಮದ ಛಾಯೆ ಕಂಡೀತು, ಪಂಥವೊಂದು ಹುಟ್ಟಲಿಲ್ಲ.

ಈ ಕೊರತೆಯನ್ನು ತುಂಬಲೆಂದೋ ಏನೋ, ವಚನಕಾರರೇ ನಮ್ಮ ಬೀಟ್ ಕವಿಗಳು ಎಂಬ ಮಾತು ವಿದ್ವದ್ಗೋಷ್ಠಿಗಳಲ್ಲಿ ಸುಲಭವಾಗಿ ಕೇಳಿಬರುತ್ತದೆ. ಛಂದಸ್ಸನ್ನು ಮುರಿದ ಗದ್ಯಲಯ, ಆಡುಮಾತು, ಗುಡಿ ಮತ್ತು ಜಾತಿಯ ನಿರಾಕರಣೆ, ಅಕ್ಕಮಹಾದೇವಿಯ ದೇಹನಿರ್ಭಯತೆ: ಹೋಲಿಕೆಗೆ ಸಾಮಗ್ರಿ ಇಲ್ಲವೆಂದಲ್ಲ. ಗಿನ್ಸ್‌ಬರ್ಗ್ ತನ್ನ ದೀರ್ಘ ಸಾಲನ್ನು ಒಂದು ಉಸಿರಿನ ಅಳತೆಯೆಂದು ಭಾವಿಸಿದ. ವಚನವೂ ಮಾತ್ರೆಗಣಗಳಿಗೆ ಬದಲಾಗಿ ಮಾತಿನ ಆವರ್ತನೆಯನ್ನು ನೆಚ್ಚುತ್ತದೆ. ಆದರೆ ವಚನ ಅಂಕಿತದಲ್ಲಿ ನಿಲ್ಲುತ್ತದೆ. ‘ಹೌಲ್’ನ ಪಟ್ಟಿ ತನ್ನ ವೇಗದಲ್ಲೇ ಇನ್ನಷ್ಟು ಬೆಳೆಯಬಲ್ಲದು. ವಚನಕ್ಕೆ ಆ ಸ್ವಾತಂತ್ರ್ಯವಿಲ್ಲ. ಅಂಕಿತ ಬಂದೊಡನೆ ಹೇಳಿದವನೇ ತನ್ನ ಮಾತಿಗೆ ಉತ್ತರ ಕೊಡಬೇಕಾದ ಸಾಕ್ಷಿಯೊಂದು ಎದುರಿಗೆ ನಿಲ್ಲುತ್ತದೆ.

ಈ ಹೋಲಿಕೆಗೆ ಬಲ ಬಂದದ್ದು ಇಂಗ್ಲಿಷಿನಲ್ಲಿ. ಎ.ಕೆ. ರಾಮಾನುಜನ್ ಅವರ ‘ಸ್ಪೀಕಿಂಗ್ ಆಫ್ ಶಿವ’ (1973) ಕನ್ನಡದ ಗದ್ಯವಾಕ್ಯಗಳನ್ನು ಮುರಿದ, ಪುಟದ ಮೇಲೆ ಅಂತರ ಬಿಟ್ಟ ಸಾಲುಗಳಾಗಿ ಜೋಡಿಸಿತು. ಆಧುನಿಕ ಅಮೆರಿಕನ್ ಕಾವ್ಯ ಓದಿದವನಿಗೆ ಅವು ಅಪರಿಚಿತವೆನಿಸಲೇ ಇಲ್ಲ. ಅನುವಾದದ ಸೊಗಸಿನ ಬಗ್ಗೆ ತಕರಾರು ತೆಗೆಯುವುದು ಕೃತಘ್ನತೆಯಾದೀತು. ಆಯ್ಕೆಯ ಬಗ್ಗೆ ಮಾತ್ರ ಹೇಳಲೇಬೇಕು. ಅಲ್ಲಿರುವವರು ನಾಲ್ವರು: ದಾಸಿಮಯ್ಯ, ಬಸವಣ್ಣ, ಅಕ್ಕ, ಅಲ್ಲಮ. ಸಾವಿರಕ್ಕೂ ಹೆಚ್ಚು ವಚನಗಳ ಕರ್ತೃವಾದ ಸೊನ್ನಲಿಗೆಯ ಸಿದ್ಧರಾಮನಿಗೆ ಅಲ್ಲಿ ಸ್ಥಾನವಿಲ್ಲ. ಸ್ಥಾವರಕ್ಕೆ ಎದುರಾಗಿ ಜಂಗಮವನ್ನು ನಿಲ್ಲಿಸುವ ಆ ಗ್ರಂಥದ ಪೀಠಿಕೆಯ ತರ್ಕದೊಳಗೆ ಸಿದ್ಧರಾಮ ಒಗ್ಗುವವನೂ ಅಲ್ಲ. ಅವನು ಕೆರೆ ಕಟ್ಟಿಸಿದವನು, ಗುಡಿ ಕಟ್ಟಿಸಿದವನು, ಊರೊಂದನ್ನು ಕ್ಷೇತ್ರವಾಗಿಸಿದವನು. ಇಂದಿಗೂ ಸೊಲ್ಲಾಪುರದ ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಧ್ವಜಗಳು ಹೊರಡುವುದು ಅವನ ಹೆಸರಿನಲ್ಲಿ. ಸ್ಥಾವರದವನಾಗಿದ್ದೂ ಶರಣನಾದವನನ್ನು ಎಲ್ಲಿಡಬೇಕು?

ಈ ಪ್ರಶ್ನೆಯನ್ನು ಇಂದಿನ ವಿಮರ್ಶೆಗಿಂತ ಚೆನ್ನಾಗಿ ಎತ್ತಿದ್ದು 15ನೆಯ ಶತಮಾನದ ‘ಶೂನ್ಯಸಂಪಾದನೆ’. ಅಲ್ಲಮ ಸೊನ್ನಲಿಗೆಗೆ ಬರುತ್ತಾನೆ. ಕೆರೆಯ ಕೆಲಸದಲ್ಲಿ ಮುಳುಗಿದವನನ್ನು ಒಡ್ಡನೆಂದು ಕರೆದು ಕೆಣಕುತ್ತಾನೆ. ರೊಚ್ಚಿಗೆದ್ದ ಕೆಲಸಗಾರರು ಅವನ ಮೇಲೆ ಕಲ್ಲು ತೂರುತ್ತಾರೆ. ಬೀಟ್ ಓದಿಗೆ ಇಷ್ಟೇ ಸಾಕು: ಅಲೆಮಾರಿ ಜ್ಞಾನಿ ಒಂದು ಕಡೆ, ದುಡಿಮೆಯ ಯಂತ್ರ ಇನ್ನೊಂದು ಕಡೆ. ಆದರೆ ಪ್ರಸಂಗ ಅಲ್ಲಿಗೆ ಮುಗಿಯುವುದಿಲ್ಲ. ಅಲ್ಲಮ ಮುಂದೆ ಹೋಗದೆ ಅಲ್ಲೇ ನಿಂತು ವಾದಕ್ಕಿಳಿಯುತ್ತಾನೆ. ಅವನ ಆಕ್ಷೇಪ ಕೆರೆಯ ಮೇಲಲ್ಲ, ಕಟ್ಟಿದೆನೆಂಬ ಅಹಂಕಾರದ ಮೇಲೆ. ಸಿದ್ಧರಾಮ ಅವನೊಡನೆ ಕಲ್ಯಾಣಕ್ಕೆ ಹೋಗುತ್ತಾನೆ. ಕೊನೆಗೆ ಪರಂಪರೆ ಅವನ ಸಮಾಧಿಯನ್ನು ಗುರುತಿಸುವುದು ಸೊನ್ನಲಿಗೆಯಲ್ಲೇ. ನೀರು ಬೇಕಾದ ಬಯಲುಸೀಮೆಯಲ್ಲಿ ಕೆರೆಯನ್ನು ಮೋಲಾಕ್ ಎನ್ನಲು ಯಾವ ಅವಧೂತನಿಗೂ ಬಾಯಿ ಬಾರದು. ಬೀಟ್ ವಲಯದಲ್ಲಿ ಈ ತಿಳಿವಿಗೆ ಹತ್ತಿರ ಬಂದವನು, ಕಾಡಿನಲ್ಲಿ ಕೈಯಾರೆ ದುಡಿದ ಗ್ಯಾರಿ ಸ್ನೈಡರ್ ಒಬ್ಬನೇ ಎನ್ನಬಹುದು.

ಇದೇ ಹಿನ್ನೆಲೆಯಲ್ಲಿ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರನ್ನು (ಜನನ 1912) ಓದಬೇಕಾಗುತ್ತದೆ. ಮರಾಠಿಯಲ್ಲಿ ಕಲಿತು, ಕನ್ನಡವನ್ನು ಛಲದಿಂದ ತಮ್ಮದಾಗಿಸಿಕೊಂಡು, ವಚನಗಳನ್ನು ಮರಾಠಿಗೆ ಒಯ್ದು, ಸಿದ್ಧರಾಮನ ಪುರಾಣವನ್ನು ತ್ರಿಪದಿಯಲ್ಲಿ ಬರೆದವರು ಅವರು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ, ಆ ಪೀಠವೇರಿದ ಮೊದಲ ಮಹಿಳೆಯಾದರು. ನವ್ಯದ ಮಾನದಂಡದಲ್ಲಿ ಈ ಪುರಾಣ ಹಿಂದಕ್ಕೆ ಮುಖ ಮಾಡಿದ ಕೃತಿ: ಹಳೆಯ ಮಟ್ಟು, ಭಕ್ತಿಯ ವಿಷಯ, ವೈಯಕ್ತಿಕ ಸಂಕಟದ ಸುಳಿವಿಲ್ಲ. ಬೆಂಗಳೂರಿನಲ್ಲಿ ಕುಳಿತವರಿಗೆ ಆ ತೀರ್ಪು ಸಹಜ. ಆಡಳಿತ, ಶಾಲೆ, ಪತ್ರಿಕೆ, ಪ್ರತಿಷ್ಠೆ ಎಲ್ಲವೂ ಇನ್ನೊಂದು ಭಾಷೆಯಲ್ಲಿರುವ ನಗರದಲ್ಲಿ ಬೀಸುಕಲ್ಲಿನ ಹೆಂಗಸರು ಹಾಡುವ ಮಟ್ಟಿನಲ್ಲೇ ಪುರಾಣ ಕಟ್ಟುವುದು ಅನುಸರಣೆಯಲ್ಲ. ಅಲ್ಲಿ ಅನುಸರಣೆಯೆಂದರೆ ಸುಮ್ಮನೆ ಮರೆಯುವುದು; ಅದಕ್ಕೆ ಕವಿತೆಯ ಅಗತ್ಯವೂ ಇಲ್ಲ.

ಹಾಗೆಂದು ಪರಂಪರೆಗೆ ಅಂಟಿಕೊಂಡದ್ದೆಲ್ಲ ಬಂಡಾಯವಾಗುವುದಿಲ್ಲ. ಗಡಿನಾಡಿನ ಕನ್ನಡಾಭಿಮಾನದ ಬರವಣಿಗೆಯಲ್ಲಿ ಜಾತಿಯ ಪ್ರಶ್ನೆ ಮೆಲ್ಲಗೆ ಬದಿಗೆ ಸರಿಯುವುದುಂಟು. ಭಾಷೆ ಉಳಿಯಲಿ, ಉಳಿದದ್ದು ಆಮೇಲೆ ಎಂಬ ನಿಲುವು ತನ್ನದೇ ಅಚ್ಚೊಂದನ್ನು ಸಿದ್ಧಪಡಿಸುತ್ತದೆ. ಢಸಾಳರ ಮರಾಠಿಯನ್ನೂ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ (1975) ಸಂಕಲನವನ್ನೂ ಮೂಲದಲ್ಲೇ ಓದಬಲ್ಲವರು ಈ ಭಾಗದ ದ್ವಿಭಾಷಿಕರು. ಕಲ್ಲು ತೂರಿದ ಕೆಲಸಗಾರರ ಕಡೆಯಿಂದ ಸೊನ್ನಲಿಗೆಯ ಪ್ರಸಂಗವನ್ನು ಓದಲು ಬೇಕಾದ ಕಿವಿ ಅವರಿಗಿದೆ. ಅಲ್ಲಮ ಬೈಗುಳವಾಗಿ ಬಳಸಿದ ‘ಒಡ್ಡ’ ಎಂಬುದು ಮಣ್ಣು ಅಗೆದು ಕಲ್ಲು ಹೊತ್ತು ಬದುಕಿದ ಒಂದು ಸಮುದಾಯದ ಹೆಸರು.